ಶಾಲೆ ವಿಲೀನ: ಉಳಿತಾಯದ ಲೆಕ್ಕ ಹಾಕುವುದು ಹೇಗೆ?

ಉಡುಪಿ ಕಡೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಸಣ್ಣ ಶಾಲೆಯ ಒಟ್ಟು ಖರ್ಚನ್ನು ಹಾಳೆಯಲ್ಲಿ ಬರೆದು, ಅದನ್ನು ಮುಚ್ಚಿ ಪಕ್ಕದ ಶಾಲೆಗೆ ಸೇರಿಸಿದರೆ ಇಷ್ಟೂ ಉಳಿಯುತ್ತದೆ ಎನ್ನುತ್ತಾರೆ. ಹಾಗೆ ಉಳಿಯುವುದಿಲ್ಲ.

ಮೊದಲು ಎರಡೂ ಶಾಲೆಗಳ ಮಕ್ಕಳ ಸಂಖ್ಯೆ ಬರೆದುಕೊಳ್ಳಿ. ಮುಖ್ಯ ಶಿಕ್ಷಕರ ಹತ್ತಿರ ಯು-ಡೈಸ್ (ಸರ್ಕಾರ ಸಂಗ್ರಹಿಸುವ ಶಾಲಾ ಅಂಕಿಅಂಶ) ಮಾಹಿತಿ ಇರುತ್ತದೆ, ಸಾಕು.

ಎರಡನೆಯದು ಶಿಕ್ಷಕರು. ಇಲ್ಲಿ ಅವಸರ ಬೇಡ. ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 18 ಮಕ್ಕಳು, ಇಬ್ಬರು ಶಿಕ್ಷಕರು. ಪಕ್ಕದ ಊರಿನದರಲ್ಲಿ 90 ಮಕ್ಕಳು, ಮೂವರು ಶಿಕ್ಷಕರು ಎಂದಿಟ್ಟುಕೊಳ್ಳಿ. ಸೇರಿಸಿದರೆ 108 ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 90 ದಾಟಿದರೆ ನಾಲ್ವರು ಶಿಕ್ಷಕರು ಬೇಕು. ಅಂದರೆ ಐವರಲ್ಲಿ ಕಡಿಮೆಯಾಗುವುದು ಒಬ್ಬರೇ. ಅವರನ್ನೂ ಇಲಾಖೆ ಬೇರೆ ಶಾಲೆಗೆ ಕಳಿಸುತ್ತದೆ, ಸಂಬಳ ನಿಲ್ಲುವುದಿಲ್ಲ ಅಲ್ವಾ? ಅಲ್ಲಿ ಖಾಲಿ ಹುದ್ದೆ ತುಂಬಿದರೆ ಒಳ್ಳೆಯದೇ. ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಉಳಿತಾಯಕ್ಕೆ ಸೇರಿಸಬೇಡಿ.

ಬಿಸಿಯೂಟವೂ ಹೀಗೆಯೇ. 25 ಮಕ್ಕಳವರೆಗೆ ಅಡುಗೆಗೆ ಒಬ್ಬರು, 100ರವರೆಗೆ ಇಬ್ಬರು, ಆಮೇಲೆ ಹೆಚ್ಚುವ ಪ್ರತಿ ನೂರು ಮಕ್ಕಳವರೆಗೆ ಇನ್ನೊಬ್ಬರು. ಮೊದಲೂ ಮೂವರು, ಸೇರಿಸಿದ ಮೇಲೂ ಮೂವರು.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಿದ್ಧ ಎಕ್ಸೆಲ್ ಹಾಳೆಗಳನ್ನು ನಂಬಬೇಡಿ. ಸುಮ್ನೆ ಭಾಗಾಕಾರ ಮಾಡುತ್ತವೆ, ಈ ಮಿತಿಗಳು ಅವುಗಳಲ್ಲಿ ಇರುವುದಿಲ್ಲ. ಕೈಯಲ್ಲೇ ಬರೆಯಿರಿ.

ಇನ್ನು ದಾರಿ. 1ರಿಂದ 5ನೇ ತರಗತಿಗೆ ನಡೆದು ಹೋಗುವ 1 ಕಿ.ಮೀ. ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ಮೊಬೈಲ್ ನಕ್ಷೆ ನೋಡಿ ದೂರ ಬರೆಯಬೇಡಿ. ಬೇಸಿಗೆಯಲ್ಲಿ ಗದ್ದೆ ದಾಟಿ ಹತ್ತು ನಿಮಿಷದಲ್ಲಿ ಹೋಗುವ ದಾರಿ ಜುಲೈಯಲ್ಲಿ ಇರುವುದೇ ಇಲ್ಲ. ತೋಡು ತುಂಬಿರುತ್ತದೆ, ಅದನ್ನು ದಾಟುವ ಕಾಲುಸಂಕ (ಕಿರು ಸೇತುವೆ) ಜಾರುತ್ತದೆ, ಮಕ್ಕಳು ರಸ್ತೆ ಸುತ್ತಿ ಬರಬೇಕು. ಹಾಗಾಗಿ ಮಳೆ ಬರುವ ದಿನವೇ, ಒಂದನೇ ತರಗತಿಯ ಮಗುವಿನ ಜೊತೆ, ಅದರ ಬ್ಯಾಗ್ ಅದರ ಬೆನ್ನಲ್ಲೇ ಇರುವಂತೆ ನಡೆಯಿರಿ. ಎಷ್ಟು ನಿಮಿಷ ಆಯಿತು, ಎಷ್ಟು ಸಂಕ ದಾಟಿದಿರಿ, ಯಾವುದಕ್ಕೆ ಕೈಹಿಡಿ ಇಲ್ಲ, ಎಲ್ಲ ಬರೆಯಿರಿ. ಮಗು ಎಲ್ಲಿ ನಿಮ್ಮ ಕೈ ಹಿಡಿಯಿತು ಅನ್ನುವುದನ್ನೂ ಬರೆಯಿರಿ.

ವ್ಯಾನ್ ಬೇಕಾದರೆ ಅದರ ಬಾಡಿಗೆಯೂ ಲೆಕ್ಕಕ್ಕೆ ಬರಲಿ. ತಿಂಗಳಿಗೆ 25,000 ರೂಪಾಯಿ ಎಂದರೂ ಹತ್ತು ತಿಂಗಳಿಗೆ 2.5 ಲಕ್ಷ. ಪೋಷಕರು ಕೊಡುತ್ತಾರೆ ಎಂದು ಬಿಟ್ಟುಬಿಡಬೇಡಿ, ಅದೂ ಖರ್ಚೇ.

ಲೆಕ್ಕದ ಹಾಳೆ ಸಭೆಯಲ್ಲಿ ಓದಿ, ಸಹಿ ಹಾಕಿಸಿ, ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.