ಕಾಫಿಗೆ ಬೆರೆಸಿದ ಸಿರಪ್

ನಾನು ಫಿಸಿಯೋಥೆರಪಿ ಮಾಡುವವಳು. ಕೊಡಗಿನ ಸಿದ್ದಾಪುರದ ಸುತ್ತಮುತ್ತ ತೋಟದ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹೋಗಿ ನಡೆಯಲಾಗದ ಮಕ್ಕಳಿಗೆ ವ್ಯಾಯಾಮ ಮಾಡಿಸುತ್ತೇನೆ. ರಕ್ತ, ಊಟ ಎಲ್ಲ ಡಾಕ್ಟರ ಕೆಲಸ ಅಂತ ತುಂಬಾ ದಿನ ಸುಮ್ನೆ ಇದ್ದೆ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಆರು ವರ್ಷದ ಹುಡುಗಿಯೊಬ್ಬಳು ಹತ್ತು ನಿಮಿಷಕ್ಕೇ ಸುಸ್ತಾಗಿ ತಲೆ ವಾಲಿಸುತ್ತಿದ್ದಳು. ಹಟ ಅಂದುಕೊಂಡು ನಾನು ಇನ್ನೂ ಜಾಸ್ತಿ ಮಾಡಿಸಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದು ದಿನ ಕೆಳರೆಪ್ಪೆ ಎಳೆದು ನೋಡಿದೆ. ಬಿಳುಚಿಕೊಂಡಿತ್ತು. ಟೆಸ್ಟ್ ಮಾಡಿಸಿದರೆ ಹಿಮೋಗ್ಲೋಬಿನ್ 8.2. ಆ ವಯಸ್ಸಿಗೆ 11.5ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ.

ಡಾಕ್ಟರು ತೂಕ ನೋಡಿ ಐರನ್ ಸಿರಪ್ ಬರೆದರು, ಜಂತುಹುಳದ ಮಾತ್ರೆಯನ್ನೂ ಕೊಟ್ಟರು. ತಿಂಗಳು ಕಳೆದರೂ 8.4. ಬಾಟಲಿ ಮಾತ್ರ ಖಾಲಿ!

ಊಟದ ಹೊತ್ತಿಗೇ ಹೋಗಿ ಕೂತೆ. ತಾಯಿ ಬೆಳಿಗ್ಗೆಯೇ ತೋಟಕ್ಕೆ ಹೋಗುತ್ತಾಳೆ, ತಿನ್ನಿಸುವುದು ಅಜ್ಜಿ. "ಬರೀ ಸಿರಪ್ ಹಾಕಿದ್ರೆ ಉಗೀತಾಳೆ ಕಣಮ್ಮ, ಅದಕ್ಕೆ ಕಾಫಿಗೆ ಬೆರೆಸ್ತೀನಿ" ಅಂದರು. ಬೆಲ್ಲದ ಕರಿ ಕಾಫಿ! ಕೊಡಗಿನಲ್ಲಿ ಕಾಫಿ ಇಲ್ಲದ ಮನೆ ಎಲ್ಲಿದೆ ಹೇಳಿ? ಆದರೆ ಕಾಫಿ, ಟೀ ಜೊತೆ ಕೊಟ್ಟರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇನ್ನು ಊಟ ಅಂದರೆ ತೆಳು ಗಂಜಿ, ಹಾಲು, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು. ಮನೆಯಲ್ಲಿ ಸೊಪ್ಪು, ಮೊಟ್ಟೆ ಮಾಡುತ್ತಿದ್ದರು, ಅವಳಿಗೆ ಅಗಿಯಲು ಬರುವುದಿಲ್ಲವೆಂದು ಕೊಡುತ್ತಿರಲಿಲ್ಲ ಅಷ್ಟೆ. ಮಡಿಲಲ್ಲಿ ಮಲಗಿಸಿ ತಲೆ ಹಿಂದಕ್ಕೆ ಮಾಡಿ ತಿನ್ನಿಸುವಾಗ ತುತ್ತು ತುತ್ತಿಗೂ ಕೆಮ್ಮು, ಒಂದು ಬಟ್ಟಲು ಮುಗಿಸಲು ಮುಕ್ಕಾಲು ಗಂಟೆ, ಪಾಪ ಅಜ್ಜಿಗಾದರೂ ಎಷ್ಟು ತಾಳ್ಮೆ ಇರಬೇಕು.

ಕೂರಿಸುವುದು ನನ್ನ ಕೆಲಸ ತಾನೇ? ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂ ಪಕ್ಕ ಟವಲ್ ಸುತ್ತಿಟ್ಟು, ಪಾದಕ್ಕೆ ಮಣೆ ಕೊಟ್ಟು, ಗಲ್ಲ ಸ್ವಲ್ಪ ಕೆಳಗಿರುವಂತೆ ಕೂರಿಸಿದೆ. ಕೆಮ್ಮು ಅರ್ಧಕ್ಕರ್ಧ ಕಮ್ಮಿಯಾಯಿತು. ಅನ್ನ, ಬೇಳೆ, ನುಗ್ಗೆಸೊಪ್ಪು ಮೆತ್ತಗೆ ಬೇಯಿಸಿ ನುಣ್ಣಗೆ ಅರೆದು, ಮೇಲೆ ನಿಂಬೆರಸ ಹಿಂಡಲು ಹೇಳಿದೆ, ಹುಳಿ ಇದ್ದರೆ ಸೊಪ್ಪಿನ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಭಾನುವಾರ ಕೋಳಿ ತಂದರೆ ಅದರ ಈಲಿ ಅವಳ ಪಾಲು. ಸಿರಪ್ಪನ್ನು ಊಟದಿಂದ ದೂರ, ಕಿತ್ತಳೆ ರಸದ ಜೊತೆ. ಹೀಗೆ ಕೊಡಲು ಶುರುಮಾಡಿದ ಮೇಲೆ ಮಲ ಕಪ್ಪಾಯಿತೆಂದು ಅಜ್ಜಿ ಗಾಬರಿಯಾಗಿ ಒಮ್ಮೆ ನಿಲ್ಲಿಸಿಬಿಟ್ಟಿದ್ದರು, ಅದು ಸಿರಪ್‌ನಿಂದ ಅಂತ ಮೊದಲೇ ಹೇಳಬೇಕಿತ್ತು, ತಪ್ಪು ನನ್ನದೇ.

ಎರಡು ತಿಂಗಳಿಗೆ 10.3 ಬಂತು. ಫಿಟ್ಸ್ ಮಾತ್ರೆಗಳಲ್ಲಿ ಕೆಲವು, ರಕ್ತಕ್ಕೆ ಬೇಕಾದ ಫೋಲಿಕ್ ಆಸಿಡ್ ಕಮ್ಮಿ ಮಾಡುತ್ತವೆ, ಅವಳೂ ಫಿಟ್ಸ್ ಮಾತ್ರೆ ತಗೊಳ್ತಾಳೆ, ಹಾಗಾಗಿ ಆ ಚೀಟಿಯನ್ನೂ ಡಾಕ್ಟರಿಗೆ ತೋರಿಸಿದ್ದೇವೆ. ಮುಂದಿನ ಟೆಸ್ಟ್ ಪುತ್ತರಿ, ಅಂದರೆ ಕೊಡಗಿನ ಸುಗ್ಗಿ ಹಬ್ಬ, ಕಳೆದ ಮೇಲೆ.