ಕಾಲು ಮಾತ್ರೆಯ ಲೆಕ್ಕ

ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆ, 10 ಮಿಲಿಗ್ರಾಂ, ರಾತ್ರಿ ಊಟವಾದ ಮೇಲೆ ಒಂದು. ಎರಡೂವರೆ ವರ್ಷ ಹೀಗೇ ನಡೆದಿತ್ತು. ಖಿನ್ನತೆ ಇಳಿದು ವರ್ಷದ ಮೇಲಾಗಿತ್ತು; ನಿದ್ದೆ, ಹಸಿವು, ಕಚೇರಿ ಕೆಲಸ ಎಲ್ಲ ಹಳಿಗೆ ಬಂದಿದ್ದವು. ಎರಡು ದಸರಾ ಹಿಂದೆ, ಬೊಂಬೆ ಕೂರಿಸುವ ಗಡಿಬಿಡಿಯಲ್ಲಿ ಮಾತ್ರೆ ಮುಗಿಯಿತು. ಇನ್ನೇಕೆ ಇದು ಎಂದುಕೊಂಡು ಹೊಸದು ತರಲಿಲ್ಲ. ಯಾರನ್ನೂ ಕೇಳಲೂ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆ. ಮರದ ಮೇಲಿದ್ದ ಹೆಜ್ಜಾರ್ಲೆಯತ್ತ ಕಣ್ಣು ಹೊರಳಿಸಿದೆ; ತಲೆಯೊಳಗೆ ಝಲ್ ಎಂದಿತು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದ ಹಾಗೆ, ಆದರೆ ನೋವಿಲ್ಲ. ಮತ್ತೆ ಹೊರಳಿಸಿದರೆ ಮತ್ತೆ ಝಲ್. ಮನೆ ಸೇರುವಷ್ಟರಲ್ಲಿ ತಲೆಸುತ್ತು, ವಾಕರಿಕೆ. ಅತ್ತೆಯವರು ‘ಪಿತ್ತ ಕೆರಳಿದೆ ಕಣಮ್ಮ’ ಎಂದು ಜೀರಿಗೆ ಕಷಾಯ ಕೊಟ್ಟರು. ಕುಡಿದೆ. ಸಂಜೆ ಬೊಂಬೆ ನೋಡಲು ಬಂದ ಮಕ್ಕಳ ಮೇಲೆ ಕಾರಣವಿಲ್ಲದೆ ಸಿಡುಕಿ, ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ಕಾಯಿಲೆ ಮರಳಿತು ಎಂದೇ ತಿಳಿದೆ.

ಮನೋವೈದ್ಯರು ಮೊದಲು ಕೇಳಿದ್ದು, ‘ಮಾತ್ರೆ ಬಿಟ್ಟ ಎಷ್ಟು ದಿನಕ್ಕೆ ಶುರುವಾಯಿತಮ್ಮ?’ ಎಂದು. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಕಳೆದು ಮೆಲ್ಲಗೆ ಬರುತ್ತದೆಯಂತೆ. ಝಲ್ ಎನ್ನುವುದು ಅದರ ಸ್ವಭಾವವಲ್ಲವಂತೆ. ಅವರು ಹೇಳಿದಂತೆ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡೆ. ಕೆಲವೇ ದಿನಗಳಲ್ಲಿ ಎಲ್ಲ ಅಡಗಿತು. ಕಾಯಿಲೆಯಲ್ಲ, ಮಾತ್ರೆ ತಟ್ಟನೆ ನಿಂತದ್ದಕ್ಕೆ ದೇಹ ಎಬ್ಬಿಸಿದ ಗಲಾಟೆ ಅದು.

ಬಿಡುವ ಮಾತನ್ನು ವೈದ್ಯರು ಯುಗಾದಿಯವರೆಗೆ ಎತ್ತಲೇ ಇಲ್ಲ. ಎತ್ತಿದಾಗ ಚೀಟಿಯ ಹಿಂಬದಿಯಲ್ಲಿ ಒಂದು ಗೆರೆ ಎಳೆದರು: ಮೊದಲು ನೆಟ್ಟಗೆ ಏರಿ, ಆಮೇಲೆ ಮಲಗಿದ ಗೆರೆ. ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹಿಂದಕ್ಕೆ ಹೀರುವ ದ್ವಾರಗಳನ್ನು ಈ ಔಷಧ ಮುಚ್ಚುತ್ತದೆ. ಮೊದಲ ಕೆಲವು ಮಿಲಿಗ್ರಾಂಗಳೇ ಬಹುಪಾಲು ಮುಚ್ಚಿಬಿಡುತ್ತವೆ. ಹಾಗಾಗಿ 10ರಿಂದ 5ಕ್ಕೆ ಇಳಿದದ್ದು ದೇಹಕ್ಕೆ ಅಷ್ಟಾಗಿ ತಿಳಿಯದಿರಬಹುದು, 5ರಿಂದ ಸೊನ್ನೆಗೆ ಇಳಿದರೆ ಚೆನ್ನಾಗಿ ತಿಳಿಯುತ್ತದೆ. ಕೆಳಗೆ ಹೋದಂತೆ ಹೆಜ್ಜೆ ಕಿರಿದಾಗಬೇಕು ಎಂದು 2019ರಲ್ಲಿ ಸಂಶೋಧಕರಾದ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ಬರೆದದ್ದು ಇದನ್ನೇ. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದವರನ್ನು ಕೇಳಿ, ಮೊಣಕಾಲು ನಡುಗುವುದು ಕೊನೆಯಲ್ಲಿ.

7.5, ಆಮೇಲೆ 5, ಆಮೇಲೆ 2.5. ಒಂದೊಂದರಲ್ಲೂ ಕನಿಷ್ಠ ಒಂದು ತಿಂಗಳು, ಏನೂ ತೊಂದರೆಯಿಲ್ಲವೆಂದ ಮೇಲೆಯೇ ಮುಂದಿನದು. ಇಷ್ಟರಲ್ಲಿ ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ. ಕಚೇರಿಯ ಗೆಳತಿಯೊಬ್ಬಳು ‘ದಿನ ಬಿಟ್ಟು ದಿನ ನುಂಗಿದರಾಯಿತು’ ಎಂದಳು. ಸುಲಭವಾಗಿಯೇ ಕೇಳಿಸಿತು. ವೈದ್ಯರು ಬೇಡವೆಂದರು: ಈ ಔಷಧ ಸುಮಾರು 30 ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ, ಒಂದು ದಿನ ಬಿಟ್ಟರೆ ಉಯ್ಯಾಲೆಯೇ. ಇನ್ನು ನನ್ನ ನಾದಿನಿಯ ಮಾತ್ರೆಯಲ್ಲಿ ಆತಂಕ ಇಳಿಸುವ ಕ್ಲೊನಾಜೆಪಾಮ್ ಕೂಡ ಬೆರೆತಿದೆ. ಅದನ್ನು ತಟ್ಟನೆ ನಿಲ್ಲಿಸುವುದು ಅಪಾಯ, ಅದರ ಲೆಕ್ಕವೇ ಬೇರೆ. ನನ್ನ ಅಂಕಿಗಳನ್ನು ಅವಳಿಗೂ ಕೊಡಲಿಲ್ಲ.

ದಸರಾ ಮುಗಿಯುವವರೆಗೆ ಏನನ್ನೂ ಬದಲಿಸಲಿಲ್ಲ. ಮನೆ ತುಂಬ ನೆಂಟರಿರುವಾಗ ಈ ಪ್ರಯೋಗ ಬೇಡವೆಂದು ನಾನೇ ಕೇಳಿಕೊಂಡೆ. ಆಮೇಲೆ 1.25, ಎಂದರೆ 5ರ ಮಾತ್ರೆಯ ಕಾಲುಭಾಗ. ಅಡುಗೆಯ ಚಾಕುವಿಗೆ ಅದು ಪುಡಿಯಾಯಿತು. ಔಷಧದಂಗಡಿಯಿಂದ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ತಂದೆ. (ನಿಧಾನವಾಗಿ ಕರಗುವ ಬಗೆಯ ಮಾತ್ರೆಗಳನ್ನು ಹೀಗೆ ಕತ್ತರಿಸಬಾರದು.) ಎರಡನೆಯ ವಾರ ಝಲ್ ಮರಳಿತು, ಜೊತೆಗೆ ಸಿನಿಮಾದಂಥ ಕನಸುಗಳು. ನಿದ್ದೆ ಕೆಟ್ಟ ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಹೇಳಿಕೊಂಡೆ. ಮರುದಿನ ವೈದ್ಯರು 2.5ಕ್ಕೆ ಹಿಂದಿರುಗಿಸಿದರು. ಸೋತೆ ಎಂದು ಮುಖ ಊದಿಸಿಕೊಂಡೆ. ಆರು ವಾರದ ನಂತರ ಮತ್ತೆ ಕಾಲುಭಾಗ. ಈ ಸಲ ದೇಹ ಸುಮ್ಮನಿತ್ತು. ಶಿವರಾತ್ರಿಯ ಹೊತ್ತಿಗೆ ನಿಲ್ಲಿಸಿದೆ.

ಲೆಕ್ಕವೆಲ್ಲ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಇತ್ತು: ಅರ್ಧ, ಕಾಲು, ಝಲ್ ಎಂದ ದಿನ ‘ಝ’. ತಿಂಗಳ ಕೊನೆಗೆ ಹಾಲಿನವನಿಗೆ ದುಡ್ಡು ಎಣಿಸುತ್ತಿದ್ದ ಯಜಮಾನರು, ‘ಈ ಕಾಲು ಲೀಟರ್ ದಿನಾ ಯಾರಿಗೆ?’ ಎಂದಿದ್ದರು. ಈಗ ಅಲ್ಲಿ ನಿದ್ದೆಯ ಗಂಟೆಗಳನ್ನು ಬರೆಯುತ್ತಿದ್ದೇನೆ. ಇನ್ನೂ ಆರು ತಿಂಗಳು ಬರೆದು ತೋರಿಸಬೇಕಂತೆ.