ಬ್ರೌಸರಿಗೆ ಒಬ್ಬನೇ ಕಾವಲುಗಾರ ಸಾಕು

ಕಳೆದ ತಿಂಗಳು ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದರು. "ಜಾಹೀರಾತು ಬರಬಾರದು ಅಂತ ನಾಲ್ಕು ಆಡ್-ಬ್ಲಾಕರ್ ಹಾಕಿದೀನಪ್ಪ, ಆದರೂ ನಿಂತಿಲ್ಲ. ಐದನೆಯದು ಯಾವುದು ಹಾಕಲಿ?" ಎಂಬುದು ಅವರ ಪ್ರಶ್ನೆ. ಬ್ರೌಸರ್ ತೆರೆದು ಅರ್ಧ ನಿಮಿಷವಾಗಿರಲಿಲ್ಲ, ಪರದೆಯ ಬಲತುದಿಯ ಕೆಳಗೆ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್‌ಗಳಿವೆ" ಎಂಬ ಕೆಂಪು ಚೀಟಿ ಮೂಡಿತು. ಅದನ್ನು ಮುಚ್ಚಿದರೆ ಇನ್ನೊಂದು. ಅತ್ತ ಬಿಲ್ ಕಟ್ಟುವ ಪುಟವೊಂದು ಒಟಿಪಿ ಕೇಳಬೇಕಾದ ಜಾಗದಲ್ಲಿ ಬೆಳ್ಳಗೆ ನಿಂತಿತ್ತು. ಬರಬಾರದ್ದು ಬರುತ್ತಿತ್ತು, ಬರಬೇಕಾದದ್ದು ಬರುತ್ತಿರಲಿಲ್ಲ. ಇದೇ ಸ್ಥಿತಿಯ ಕಂಪ್ಯೂಟರುಗಳನ್ನು ನಾನು ಬಂಧುಗಳ ಮನೆಗಳಲ್ಲಿ ಎಷ್ಟೋ ಸಲ ನೋಡಿರುವುದರಿಂದ, ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಸ ತೆಗೆಯಿರಿ

ಈಗಾಗಲೇ ಹಾಕಿಕೊಂಡಿರುವ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳನ್ನೆಲ್ಲ, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳನ್ನೆಲ್ಲ, ತೆಗೆದುಹಾಕಿ. ಎರಡು ಬ್ಲಾಕರ್‌ಗಳಿದ್ದರೆ ತಡೆ ಇಮ್ಮಡಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಜಾಲತಾಣಕ್ಕೆ ಅನುಮಾನ ಬಾರದಂತೆ ಒಂದು ಬ್ಲಾಕರ್ ಮಾಡಿದ ಏರ್ಪಾಟನ್ನು ಇನ್ನೊಂದು ಕೆಡಿಸುವುದರಿಂದ, "ಆಡ್-ಬ್ಲಾಕರ್ ತೆಗೆಯಿರಿ" ಎಂಬ ಗದರಿಕೆಯ ಪರದೆಗಳು ಹೆಚ್ಚಾಗುತ್ತವೆಯೇ ಹೊರತು ಜಾಹೀರಾತು ಕಡಿಮೆಯಾಗುವುದಿಲ್ಲ.

ಇನ್ನು ಆ ವೈರಸ್ ಚೀಟಿಗಳ ವಿಷಯ. ಅವು ಜಾಲಪುಟದೊಳಗಿನ ಜಾಹೀರಾತುಗಳಲ್ಲ, ಬ್ರೌಸರಿನ ನೋಟಿಫಿಕೇಶನ್‌ಗಳು. ಯಾವುದೋ ತಾಣದಲ್ಲಿ "ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ" ಎಂದು ಕೇಳಿದಾಗ ಒತ್ತಿದ್ದರ ಫಲ ಅದು. ಇಂಥವನ್ನು ಯಾವ ಬ್ಲಾಕರ್ ಕೂಡ ನೆಚ್ಚಿಕೊಳ್ಳುವಂತೆ ತಡೆಯಲಾರದು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ವಿಭಾಗಕ್ಕೆ ಹೋಗಿ, ನೋಟಿಫಿಕೇಶನ್ ಅನುಮತಿಗಳ ಪಟ್ಟಿಯಲ್ಲಿ ಗುರುತಿಲ್ಲದ ತಾಣಗಳನ್ನೆಲ್ಲ ಅಳಿಸಿ, ಹೊಸ ಕೋರಿಕೆಗಳನ್ನು ತಡೆಯುವ ಆಯ್ಕೆಗೆ ಟಿಕ್ ಹಾಕಬೇಕು. ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಇಷ್ಟಕ್ಕೇ ಅರ್ಧ ಕಾಟ ನಿಂತುಹೋಯಿತು.

ಯಾವ ಬ್ರೌಸರ್

ನನ್ನ ಉತ್ತರ ಫೈರ್‌ಫಾಕ್ಸ್. ಇದು ಅಭಿಮಾನದ ಮಾತಲ್ಲ, ಕಾರಣವಿದೆ. ಕ್ರೋಮ್ ಬ್ರೌಸರಿನಲ್ಲಿ ಎಕ್ಸ್‌ಟೆನ್ಷನ್‌ಗಳು ಪಾಲಿಸಬೇಕಾದ ನಿಯಮಾವಳಿಗೆ ಮ್ಯಾನಿಫೆಸ್ಟ್ ಎಂದು ಹೆಸರು. ಅದರ ಎರಡನೆಯ ಆವೃತ್ತಿಯಲ್ಲಿ, ಪುಟವೊಂದು ಹೊರಗಿನಿಂದ ಏನನ್ನಾದರೂ ತರಿಸಿಕೊಳ್ಳಲು ಹೊರಟಾಗ ಅದನ್ನು ತಡೆದು ನಿಲ್ಲಿಸಿ, ನೋಡಿ, ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಎಕ್ಸ್‌ಟೆನ್ಷನ್‌ಗೇ ಇತ್ತು. ಮೂರನೆಯ ಆವೃತ್ತಿಯಲ್ಲಿ ಆ ಅಧಿಕಾರ ಬ್ರೌಸರಿನ ಕೈಗೆ ಹೋಯಿತು. ಎಕ್ಸ್‌ಟೆನ್ಷನ್ ಮುಂಚಿತವಾಗಿ ನಿಯಮಗಳ ಪಟ್ಟಿಯೊಂದನ್ನು ಕೊಟ್ಟು ಸುಮ್ಮನಿರಬೇಕು, ಆ ಪಟ್ಟಿಗೂ ಮಿತಿಯಿದೆ. 2024 ಮತ್ತು 2025ರಲ್ಲಿ ಕ್ರೋಮ್ ಹಳೆಯ ಆವೃತ್ತಿಯ ಎಕ್ಸ್‌ಟೆನ್ಷನ್‌ಗಳನ್ನು ಹಂತಹಂತವಾಗಿ ನಿಲ್ಲಿಸಿತು. ಫೈರ್‌ಫಾಕ್ಸ್ ಎರಡನ್ನೂ ಉಳಿಸಿಕೊಂಡಿದೆ. ಜೊತೆಗೆ, ಪರರ ಜಾಡು ಹಿಡಿಯುವ ಸಂಸ್ಥೆಯೊಂದು ನೀವು ನೋಡುತ್ತಿರುವ ತಾಣದ್ದೇ ಉಪವಿಳಾಸದ ವೇಷ ಹಾಕಿಕೊಂಡು ಬಂದರೆ, ಆ ವೇಷವನ್ನು ಕಳಚಿ ನೋಡಲು ಬೇಕಾದ ಸೌಲಭ್ಯವನ್ನು ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್‌ಗಳಿಗೆ ಕೊಡುತ್ತದೆ, ಕ್ರೋಮ್ ಕೊಡುವುದಿಲ್ಲ.

ಕ್ರೋಮಿಗೆ ಕೈ ಒಗ್ಗಿಹೋಗಿದೆ ಎನ್ನುವವರು ಬ್ರೇವ್ ಬಳಸಬಹುದು. ಅದೂ ಕ್ರೋಮಿನ ತಳಹದಿಯಾದ ಕ್ರೋಮಿಯಂ ಮೇಲೆಯೇ ಕಟ್ಟಿದ್ದಾದರೂ, ಜಾಹೀರಾತು ತಡೆಯುವ ವ್ಯವಸ್ಥೆ ಬ್ರೌಸರಿನೊಳಗೇ ಇರುವುದರಿಂದ ಎಕ್ಸ್‌ಟೆನ್ಷನ್ ನಿಯಮಗಳ ಬದಲಾವಣೆ ಅದಕ್ಕೆ ತಟ್ಟುವುದಿಲ್ಲ. ಅದರ ಮೊದಲ ಪುಟದಲ್ಲಿ ಕ್ರಿಪ್ಟೊ, ವ್ಯಾಲೆಟ್ ಎಂದು ಕಾಣಿಸುವುದನ್ನೆಲ್ಲ ಮೊದಲ ದಿನವೇ ಮರೆಮಾಡಿ. ಕ್ರೋಮನ್ನೇ ಬಿಡಲಾರದವರಿಗೆ ಯುಬ್ಲಾಕ್ ಒರಿಜಿನ್ ಲೈಟ್ ಎಂಬ ಎಕ್ಸ್‌ಟೆನ್ಷನ್ ಇದೆ. ಜಾಹೀರಾತು ತಡೆಯಲು ಸಾಕು, ಆದರೆ ಮುಂದೆ ವಿವರಿಸುವ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ನಿಯಂತ್ರಣದ ಫಲಕ ಅದರಲ್ಲಿಲ್ಲ. "ಅತಿ ವೇಗದ ಬ್ರೌಸರ್" ಎಂದು ಜಾಹೀರಾತು ನೀಡುವ ಹೆಸರು ಕೇಳರಿಯದ ಬ್ರೌಸರುಗಳ ಗೊಡವೆಗೇ ಹೋಗಬೇಡಿ.

ಹೆಸರನ್ನು ಅಕ್ಷರಕ್ಷರ ಓದಿ

ಹಾಕಿಕೊಳ್ಳಬೇಕಾದ ಎಕ್ಸ್‌ಟೆನ್ಷನ್ ಒಂದೇ, ಯುಬ್ಲಾಕ್ ಒರಿಜಿನ್. ಹೆಸರಿನ ಕೊನೆಯ ಪದ ಮುಖ್ಯ. ರೇಮಂಡ್ ಹಿಲ್ ಎಂಬುವರು 2014ರಲ್ಲಿ ಆರಂಭಿಸಿದ ಈ ಯೋಜನೆ ಮರುವರ್ಷ ಇಬ್ಭಾಗವಾಗಿ, ಮೂಲ ಹೆಸರು ಬೇರೆಯವರ ಪಾಲಾಯಿತು; ಹಿಲ್ ತಮ್ಮ ಕವಲಿಗೆ "ಒರಿಜಿನ್" ಸೇರಿಸಿಕೊಂಡರು. ಬರಿಯ "ಯುಬ್ಲಾಕ್" ಎಂಬ ಇನ್ನೊಂದು ಸರಕು ಕಂಡರೆ, ಅದು ನಮಗೆ ಬೇಡ. ಹಿಲ್ ದೇಣಿಗೆಯನ್ನೂ ಕೇಳುವುದಿಲ್ಲ. ಆದ್ದರಿಂದ ಇದೇ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಹಿಂತಿರುಗಿ. ಆಡ್‌ಬ್ಲಾಕ್ ಪ್ಲಸ್ ಹೆಚ್ಚು ಪರಿಚಿತವಲ್ಲವೇ ಎಂದು ಕೇಳುವವರಿದ್ದಾರೆ. ಅದು 2011ರಿಂದ "ಒಪ್ಪತಕ್ಕ ಜಾಹೀರಾತು" ಎಂಬ ಏರ್ಪಾಟಿನಲ್ಲಿ ಕೆಲವು ಜಾಹೀರಾತುಗಳನ್ನು ತಾನಾಗಿಯೇ ಒಳಬಿಡುತ್ತದೆ, ದೊಡ್ಡ ಕಂಪನಿಗಳಿಂದ ಅದಕ್ಕೆ ಹಣವನ್ನೂ ಪಡೆಯುತ್ತದೆ. ಕಾವಲುಗಾರ ಕಳ್ಳನಿಂದ ಸಂಬಳ ಪಡೆಯುವುದನ್ನು ನಾನಂತೂ ಒಪ್ಪಲಾರೆ.

ಬ್ಲಾಕರನ್ನು ಸರ್ಚ್ ಎಂಜಿನಿನಲ್ಲಿ ಹುಡುಕಿ ಮೊದಲ ಫಲಿತಾಂಶ ಒತ್ತುವುದು ಬಹಳ ಜನ ಮಾಡುವ ತಪ್ಪು, ಏಕೆಂದರೆ ಆ ಮೊದಲ ಸಾಲೇ ಅನೇಕ ವೇಳೆ ಜಾಹೀರಾತಾಗಿರುತ್ತದೆ. ಫೈರ್‌ಫಾಕ್ಸಿನ ಮೆನುವಿನಲ್ಲೇ ಎಕ್ಸ್‌ಟೆನ್ಷನ್ಸ್ ವಿಭಾಗಕ್ಕೆ ಹೋಗಿ ಅಲ್ಲಿಂದ ಹುಡುಕಿ, ತಯಾರಕರ ಹೆಸರು ರೇಮಂಡ್ ಹಿಲ್ ಎಂದಿರುವುದನ್ನು ನೋಡಿಕೊಂಡು ಹಾಕಿಕೊಳ್ಳಿ. "ಎಲ್ಲ ಜಾಲತಾಣಗಳ ನಿಮ್ಮ ಮಾಹಿತಿಯನ್ನು ಓದಲು ಅನುಮತಿ" ಎಂದು ಕೇಳುತ್ತದೆ. ಗಾಬರಿ ಬೇಡ, ಪುಟದ ಒಳಗನ್ನು ನೋಡದೆ ಅದರಿಂದ ಜಾಹೀರಾತು ತೆಗೆಯುವುದು ಸಾಧ್ಯವಿಲ್ಲ. ಆದರೆ ಇಷ್ಟು ದೊಡ್ಡ ಅನುಮತಿಯನ್ನು ನಾಲ್ಕು ಮಂದಿಗೆ ಹಂಚಬಾರದೆಂಬುದು ಇದರಿಂದಲೇ ತಿಳಿಯುತ್ತದೆ. 2020ರಲ್ಲಿ ನ್ಯಾನೊ ಆಡ್‌ಬ್ಲಾಕರ್ ಎಂಬ ಒಳ್ಳೆಯ ಎಕ್ಸ್‌ಟೆನ್ಷನ್ ಕೈ ಬದಲಾಯಿಸಿತು; ಹೊಸ ಮಾಲೀಕರು ಅದರೊಳಗೆ ಕೆಟ್ಟ ಕೋಡ್ ಸೇರಿಸಿದರು, ಬಳಸುತ್ತಿದ್ದವರಿಗೆ ಅಪ್‌ಡೇಟಿನ ರೂಪದಲ್ಲಿ ಅದು ತಾನಾಗಿಯೇ ಬಂದು ಕೂತಿತು.

ಹಾಕಿದ ಮೇಲೆ ಒಂದೇ ಒಂದು ಬದಲಾವಣೆ ಸಾಕು. ಎಕ್ಸ್‌ಟೆನ್ಷನ್ನಿನ ಸೆಟ್ಟಿಂಗ್ಸ್ ಪುಟವಾದ ಡ್ಯಾಶ್‌ಬೋರ್ಡಿನಲ್ಲಿ, ಏನನ್ನು ತಡೆಯಬೇಕೆಂದು ಹೇಳುವ ಫಿಲ್ಟರ್ ಪಟ್ಟಿಗಳ ಪ್ರಾದೇಶಿಕ ವಿಭಾಗ ತೆರೆದು, ಭಾರತೀಯ ತಾಣಗಳಿಗಾಗಿರುವ ಇಂಡಿಯನ್‌ಲಿಸ್ಟ್‌ಗೆ ಟಿಕ್ ಇಲ್ಲದಿದ್ದರೆ ಹಾಕಿ, ಬದಲಾವಣೆ ಉಳಿಸಿ. ಉಳಿದ ಪಟ್ಟಿಗಳಿಗೆಲ್ಲ ಟಿಕ್ ಹಾಕುವ ಚಟ ಬೇಡ.

ಸ್ಕ್ರಿಪ್ಟ್: ಎಲ್ಲರೂ ಎಡವುವ ಜಾಗ

ಬಹುಪಾಲು ಓದುಗರು ಇಲ್ಲಿಗೇ ನಿಲ್ಲಿಸಬಹುದು. ಇನ್ನೂ ಬಿಗಿಯಾದ ಕಾವಲು ಬೇಕೆನ್ನುವವರು ಮಾತ್ರ ಮುಂದೆ ಬನ್ನಿ, ನಿಧಾನವಾಗಿ ಬನ್ನಿ.

ನೀವು ಸುದ್ದಿತಾಣವೊಂದನ್ನು ತೆರೆದಾಗ ಕರೆದದ್ದು ಒಬ್ಬರನ್ನು, ಅವರ ಬೆನ್ನಿಗೆ ಒಳನುಗ್ಗುವವರು ಹತ್ತಾರು ಮಂದಿ. ತಾಣದ ಸ್ವಂತ ವಿಳಾಸದಿಂದ ಬರುವ ಸ್ಕ್ರಿಪ್ಟ್ ಮನೆಯವರದು. ಬೇರೆ ವಿಳಾಸಗಳಿಂದ ಬರುವವು ಥರ್ಡ್-ಪಾರ್ಟಿ, ಅಂದರೆ ಹೊರಗಿನವರವು. ನೋಸ್ಕ್ರಿಪ್ಟ್ ಎಂಬ 2005ರ ಹಳೆಯ ಆಡ್-ಆನ್ ಎಲ್ಲ ಸ್ಕ್ರಿಪ್ಟುಗಳನ್ನೂ ಬಾಗಿಲಲ್ಲೇ ನಿಲ್ಲಿಸುತ್ತದೆ. ಗುರುತು ಮರೆಸಿ ಜಾಲಾಡಲು ಬಳಸುವ ಟಾರ್ ಬ್ರೌಸರಿನೊಳಗೆ ಅದಕ್ಕೆ ಸ್ಥಾನವಿದೆ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ಹಾಕಿದರೆ ಎರಡೇ ದಿನದಲ್ಲಿ ಮನೆಯವರು ನಿಮ್ಮ ಮೇಲೆ ತಿರುಗಿಬೀಳುತ್ತಾರೆ. ಹೊರಗಿನವರನ್ನು ಮಾತ್ರ ತಡೆಯುವ ಮಧ್ಯಮ ಮಾರ್ಗ ಯುಬ್ಲಾಕ್ ಒರಿಜಿನ್‌ನಲ್ಲೇ ಇದೆ.

ಯುಬ್ಲಾಕ್ ಒರಿಜಿನ್‌ನ ಸೆಟ್ಟಿಂಗ್ಸ್‌ನಲ್ಲಿ "ನಾನು ಅನುಭವಿ ಬಳಕೆದಾರ" ಎಂಬ ಅರ್ಥದ ಚೌಕಕ್ಕೆ ಟಿಕ್ ಹಾಕಿ. ಈಗ ಎಕ್ಸ್‌ಟೆನ್ಷನ್ ಗುರುತನ್ನು ಒತ್ತಿದರೆ ಚೌಕಗಳಿರುವ ಫಲಕ ಕಾಣಿಸುತ್ತದೆ. ಕಾಣದಿದ್ದರೆ ಕೆಳಗಿನ "ಮೋರ್" ಒತ್ತಿ. ಪ್ರತಿ ಸಾಲಿನಲ್ಲಿ ಎರಡು ಅಂಕಣಗಳಿವೆ. ಮೊದಲನೆಯದು ಎಲ್ಲ ತಾಣಗಳಿಗೂ ಅನ್ವಯ, ಎರಡನೆಯದು ಈಗ ತೆರೆದಿರುವ ತಾಣಕ್ಕೆ ಮಾತ್ರ. ಥರ್ಡ್-ಪಾರ್ಟಿ ಸ್ಕ್ರಿಪ್ಟ್, ಥರ್ಡ್-ಪಾರ್ಟಿ ಫ್ರೇಮ್ (ಪುಟದೊಳಗೆ ಮೂಡುವ ಇನ್ನೊಂದು ಪುಟ) ಎಂಬ ಎರಡು ಸಾಲುಗಳ ಮೊದಲ ಅಂಕಣವನ್ನು ಕೆಂಪು ಮಾಡಿ, ಮೇಲಿರುವ ಬೀಗದ ಗುರುತನ್ನು ಒತ್ತಿ. ಬೀಗ ಒತ್ತದಿದ್ದರೆ ಬ್ರೌಸರ್ ಮುಚ್ಚಿದೊಡನೆ ನಿಯಮ ಅಳಿಸಿಹೋಗುತ್ತದೆ. "ನಿನ್ನೆ ಸರಿ ಮಾಡಿದ್ದು ಇವತ್ತು ಯಾಕೆ ಹಾಳಾಯಿತು" ಎಂದು ಕೇಳುವವರೆಲ್ಲ ಈ ಬೀಗವನ್ನು ಮರೆತವರೇ.

ಇನ್ನು ಮುಂದೆ ಕೆಲವು ತಾಣಗಳು ಕೆಡುತ್ತವೆ, ಕೆಡಲೇಬೇಕು. ಚಿತ್ರಗಳು ಬರುವುದಿಲ್ಲ, ಬಟನ್ ಒತ್ತಿದರೆ ಅಲುಗುವುದಿಲ್ಲ. ಆಗ ಇಡೀ ಎಕ್ಸ್‌ಟೆನ್ಷನ್ನನ್ನೇ ಕಿತ್ತೆಸೆಯದೆ, ಫಲಕದಲ್ಲಿ ಆ ಪುಟ ಕರೆದ ವಿಳಾಸಗಳ ಪಟ್ಟಿಯನ್ನು ಓದಿ. ತಾಣದ ಹೆಸರನ್ನೇ ಹೋಲುವ ವಿಳಾಸವಿದ್ದರೆ ಮೊದಲು ಅದಕ್ಕೆ, ಆಮೇಲೆ ಜೆಎಸ್‌ಡೆಲಿವರ್, ಸಿಡಿಎನ್‌ಜೆಎಸ್ ಮುಂತಾದ, ತಾಣಗಳಿಗೆ ಸ್ಕ್ರಿಪ್ಟ್ ಒದಗಿಸುವ ಸಾರ್ವಜನಿಕ ಉಗ್ರಾಣಗಳಿಗೆ ಎರಡನೆಯ ಅಂಕಣದಲ್ಲಿ ಬೂದು ಬಣ್ಣ ಕೊಡಿ. "ನಾನು ರೋಬಾಟ್ ಅಲ್ಲ" ಚೌಕ ಕಾಣದಿದ್ದರೆ ಗೂಗಲ್ ಮತ್ತು ಜಿಸ್ಟ್ಯಾಟಿಕ್ ವಿಳಾಸಗಳು ಬೇಕು. ಡಬಲ್‌ಕ್ಲಿಕ್, ಗೂಗಲ್ ಅನಲಿಟಿಕ್ಸ್ ಮುಂತಾದ ಜಾಹೀರಾತಿನ, ಜಾಡು ಹಿಡಿಯುವ ವಿಳಾಸಗಳಿಗೆ ಬಿಡುಗಡೆ ಕೊಟ್ಟರೆ ತಾಣ ಸರಿಹೋದೀತೆಂಬ ಆಸೆ ಸಾಮಾನ್ಯವಾಗಿ ವ್ಯರ್ಥ. ಒಂದು ವಿಳಾಸ ಬದಲಿಸಿ, ಪುಟವನ್ನು ರಿಲೋಡ್ ಮಾಡಿ, ನೋಡಿ. ಆಗದಿದ್ದರೆ ಮಾತ್ರ ಮುಂದಿನದು. ಐದು ವಿಳಾಸಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ. ಬೂದು ಎಂದರೆ ಪೂರ್ಣ ಪರವಾನಗಿಯಲ್ಲ ಎಂಬುದೂ ನೆನಪಿರಲಿ: ನಿಮ್ಮ ಕೆಂಪು ನಿಯಮ ಅಲ್ಲಿ ಸುಮ್ಮನಾಗುತ್ತದೆ, ಫಿಲ್ಟರ್ ಪಟ್ಟಿಗಳ ಕಾವಲು ಮುಂದುವರಿಯುತ್ತದೆ.

ಕನ್ನಡ ಓದುವವರಿಗೆ ಒಂದು ಮಾತು. ಇದೇ ಫಲಕದಲ್ಲಿ ಹೊರಗಿನ ಫಾಂಟುಗಳನ್ನು ತಡೆಯುವ ಗುರುತೂ ಇದೆ. ಯುನಿಕೋಡ್ ಕನ್ನಡ ತಾಣಗಳಲ್ಲಿ ಅದನ್ನು ಒತ್ತಿದರೂ ತೊಂದರೆಯಿಲ್ಲ, ವಿಂಡೋಸಿನ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಅಕ್ಷರ ಮೂಡುತ್ತದೆ. ಆದರೆ ಯುನಿಕೋಡ್‌ಗೆ ಬಾರದೆ ತಮ್ಮದೇ ಫಾಂಟ್ ನೆಚ್ಚಿಕೊಂಡಿರುವ ಹಳೆಯ ತಾಣಗಳಲ್ಲಿ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಹಾಗಾದರೆ ಕಂಪ್ಯೂಟರ್ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಓಡಬೇಡಿ.

ಹಣ ಕಟ್ಟುವ ಪುಟ

ಎಷ್ಟೇ ಪಳಗಿದವರೂ ಮುಗ್ಗರಿಸುವುದು ಇಲ್ಲಿ. ಕೆಲವು ಅಂಗಡಿ ತಾಣಗಳಲ್ಲಿ ಪಾವತಿಯ ಚೌಕ ಅದೇ ಪುಟದ ಮೇಲೆ ಫ್ರೇಮ್ ಆಗಿ ಮೂಡುತ್ತದೆ. ಥರ್ಡ್-ಪಾರ್ಟಿ ಫ್ರೇಮ್ ತಡೆದಿದ್ದರೆ ಖಾಲಿ ಡಬ್ಬಿ. ಬೇರೆ ಕೆಲವು ತಾಣಗಳು ನಿಮ್ಮನ್ನು ಪಾವತಿಯ ಮಧ್ಯವರ್ತಿಯಾದ ಪೇಮೆಂಟ್ ಗೇಟ್‌ವೇಯ ಪುಟಕ್ಕೆ, ಅಲ್ಲಿಂದ ಬ್ಯಾಂಕಿನ ಪುಟಕ್ಕೆ ದಾಟಿಸುತ್ತವೆ. ನೀವು ಅಂಗಡಿಯ ತಾಣಕ್ಕೆ ಕೊಟ್ಟ ಬೂದು ನಿಯಮ ಆ ತಾಣಕ್ಕೆ ಮಾತ್ರ ಸೀಮಿತವಾದ್ದರಿಂದ, ಪುಟ ಗೇಟ್‌ವೇಗೆ ದಾಟಿದ ಕ್ಷಣ ಕೆಂಪು ನಿಯಮ ಮತ್ತೆ ಜಾರಿಗೆ ಬರುತ್ತದೆ, ಬ್ಯಾಂಕಿಗೆ ದಾಟಿದಾಗ ಮತ್ತೊಮ್ಮೆ. ಅಲ್ಲಿ ಸರಿಪಡಿಸಲು ರಿಲೋಡ್ ಒತ್ತಿದಿರೋ, ವ್ಯವಹಾರ ನಡುದಾರಿಯಲ್ಲಿ ಕಡಿದುಹೋಗುತ್ತದೆ. ನಾನೊಮ್ಮೆ ಹಬ್ಬದ ಹಿಂದಿನ ವಾರ ಟಿಕೆಟ್ ಕಾದಿರಿಸುವಾಗ ಹೀಗೆಯೇ ರಿಲೋಡ್ ಒತ್ತಿ, ಖಾತೆಯಿಂದ ಹಣ ಹೋಗಿ, ಟಿಕೆಟ್ ಬಾರದೆ, ಹಣ ವಾಪಸಾಗುವವರೆಗೆ ದಿನಕ್ಕೆರಡು ಸಲ ಪಾಸ್‌ಬುಕ್ ನೋಡುತ್ತ ಕೂತಿದ್ದೆ.

ಆದ್ದರಿಂದ ನನ್ನ ಕಟ್ಟುನಿಟ್ಟಾದ ಸಲಹೆ ಇಷ್ಟು: ಹಣದ ವ್ಯವಹಾರಕ್ಕೆ ಬೇರೆಯದೇ ಬ್ರೌಸರ್ ಇಟ್ಟುಕೊಳ್ಳಿ. ವಿಂಡೋಸಿನ ಜೊತೆಗೇ ಬರುವ ಎಡ್ಜ್ ಆದೀತು. ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಇರಬಾರದು. ಬ್ಯಾಂಕಿನ ಪುಟವನ್ನು ಓದುವ ಅನುಮತಿ ಯಾರಿಗೂ ಇಲ್ಲದಂತಾಗುವುದು ಇದರ ಇನ್ನೊಂದು ಲಾಭ. ಬ್ಯಾಂಕಿನ, ಬಿಲ್ ಕಟ್ಟುವ ತಾಣಗಳ ವಿಳಾಸಗಳನ್ನು ಅದರಲ್ಲಿ ಬುಕ್‌ಮಾರ್ಕ್ ಮಾಡಿ ಅಲ್ಲಿಂದಲೇ ತೆರೆಯಿರಿ, ಹುಡುಕಿ ತೆರೆಯಬೇಡಿ. ಬ್ಲಾಕರ್ ಇಲ್ಲದ ಆ ಬ್ರೌಸರಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ವಂಚಕರು ದುಡ್ಡು ಕೊಟ್ಟು ಹಾಕಿಸಿದ ನಂಬರ್ ಆಗಿರಬಹುದು. ಅಮೆರಿಕದ ಎಫ್‌ಬಿಐ ಕೂಡ ಇಂಥ ನಕಲಿ ಸರ್ಚ್ ಜಾಹೀರಾತುಗಳ ಕಾರಣಕ್ಕೇ, ಹುಡುಕುವಾಗ ಆಡ್-ಬ್ಲಾಕರ್ ಬಳಸಿರೆಂದು 2022ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತಿಳಿಸಿತ್ತು.

ಫೋನಿನಲ್ಲಿ

ಆಂಡ್ರಾಯ್ಡ್ ಫೋನಿನ ಕ್ರೋಮ್ ಎಕ್ಸ್‌ಟೆನ್ಷನ್‌ಗಳನ್ನು ಒಪ್ಪುವುದಿಲ್ಲ. ಫೈರ್‌ಫಾಕ್ಸ್ ಒಪ್ಪುತ್ತದೆ, ಯುಬ್ಲಾಕ್ ಒರಿಜಿನ್ ಅಲ್ಲಿಯೂ ಸಿಗುತ್ತದೆ. ಚಿಕ್ಕ ಪರದೆಯಲ್ಲಿ ಸ್ಕ್ರಿಪ್ಟ್ ಫಲಕದ ಸಾಹಸ ಬೇಡ, ಮೂಲ ವ್ಯವಸ್ಥೆಯೇ ಇರಲಿ.

ಮನಸ್ಸಿಗೆ ಹಿಡಿಸಿದ ಸಣ್ಣ ಕನ್ನಡ ತಾಣಗಳು ಜಾಹೀರಾತಿನ ಆದಾಯದಲ್ಲೇ ನಡೆಯುತ್ತಿದ್ದರೆ, ಆ ತಾಣದಲ್ಲಿದ್ದಾಗ ಫಲಕದ ದೊಡ್ಡ ಪವರ್ ಗುರುತನ್ನೊಮ್ಮೆ ಒತ್ತಿ ರಿಲೋಡ್ ಮಾಡಿ. ಆ ಒಂದು ತಾಣಕ್ಕೆ ಮಾತ್ರ ಕಾವಲು ತೆರವಾಗುತ್ತದೆ.

ತಿಂಗಳೊಪ್ಪತ್ತು ಬಳಸಿ ನಿಯಮಗಳೆಲ್ಲ ಹದಕ್ಕೆ ಬಂದ ಮೇಲೆ, ಸೆಟ್ಟಿಂಗ್ಸ್ ಪುಟದ ಕೆಳಗಿರುವ ಬ್ಯಾಕಪ್ ಬಟನ್ ಒತ್ತಿ ಬರುವ ಸಣ್ಣ ಫೈಲನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಮೇಷ್ಟ್ರು ಅದನ್ನು ತಮಗೇ ಇ-ಮೇಲ್ ಮಾಡಿಕೊಂಡಿದ್ದಾರೆ. ಮೊನ್ನೆ ಮಗಳ ಕಂಪ್ಯೂಟರಿಗೂ ಅದೇ ಫೈಲಿನಿಂದ ನಿಯಮಗಳನ್ನು ತಾವೇ ತುಂಬಿಸಿದರಂತೆ.